ಈರುಳ್ಳಿ ಸಿಪ್ಪೆಯ ಹಸಿರು

ಬಟ್ಟೆ ಮತ್ತೆ ಹಳದಿಯಾಗಿಯೇ ಮೇಲೆ ಬಂತು. ಕಿರಿ ಸೊಸೆ ಅದನ್ನು ಕೋಲಿನಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಮಗುಚಿ ಹಿಡಿದಳು. ಹೇಗೆ ಹಿಡಿದರೂ ಹಳದಿಯೇ. ಅವಳಿಗೆ ಬೇಕಾಗಿದ್ದದ್ದು ಹಸಿರು. ಹಳೇ ಗೋಡೆಯ ಪಾಚಿಯಂಥ, ಕಂದು ಬೆರೆತ ಹಸಿರು.

ಮೊದಲ ಸಲ ಅದು ತಾನಾಗಿ ಬಂದಿತ್ತು. ಆ ತುಂಡನ್ನು ನೋಡಿದ ಬಟ್ಟೆ ಅಂಗಡಿಯ ಯಜಮಾನಿ, ಇದೇ ಬಣ್ಣವನ್ನು ತನ್ನ ಕಣ್ಣೆದುರು ಮಾಡಿ ತೋರಿಸಿದರೆ ಬಣ್ಣದ ವಿಭಾಗದಲ್ಲಿ ಖಾಯಂ ಕೆಲಸ ಎಂದಿದ್ದಳು. ಇವತ್ತು ಸಂಜೆ ಬರುತ್ತಾಳೆ. ಅದೇ ಈರುಳ್ಳಿ ಸಿಪ್ಪೆ, ಅದೇ ಪಟಿಕದ ನೀರು, ಅದೇ ಪಾತ್ರೆ. ಎಲ್ಲಿ ತಪ್ಪಿತೆಂದು ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟುಹೋಗಿತ್ತು.

ಬದಲಾಗಿದ್ದು ಒಲೆಯ ಜಾಗವೊಂದೇ. ಮೊದಲು ಎಲ್ಲವೂ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಈರುಳ್ಳಿ ಹಿರಿ ಸೊಸೆಗೆ, ಸಿಪ್ಪೆ ಕಿರಿಯವಳಿಗೆ. ಕ್ಯಾರೆಟ್ ಅವಳಿಗೆ, ಅದರ ಸೊಪ್ಪು ಇವಳಿಗೆ. ಪಾಲೇನೋ ಚೆನ್ನಾಗಿಯೇ ಇತ್ತು. ಆದರೆ ಎರಡು ಜಡೆ ಒಂದು ಕಡೆ ಸೇರಿದರೆ ಕೇಳಬೇಕೆ? ಅನ್ನ ಬೇಯುವ ಕಡೆ ಬಟ್ಟೆ ಬೇಯಿಸುತ್ತಾಳೆ ಎಂದು ಅವಳು ಗೊಣಗಿದಳು. ನನ್ನ ಪಾತ್ರೆಯನ್ನು ಯಾರೂ ಮುಟ್ಟಕೂಡದು ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದ ಇವಳು, ಮುಖ ಊದಿಸಿಕೊಂಡು ತನ್ನ ಬಣ್ಣದ ಒಲೆಯನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಒಲೆ ಸರಿದರೆ ಬಣ್ಣ ಯಾಕೆ ಮುನಿಸಿಕೊಳ್ಳಬೇಕು?

ಕೊನೆಗೆ ಬಿಗುಮಾನ ಬದಿಗಿಟ್ಟು ಅಡುಗೆಮನೆಗೆ ಹೋದಳು. ಹಿರಿಯವಳು ಈರುಳ್ಳಿ ಹೆಚ್ಚುತ್ತಿದ್ದಳು.

"ಅಕ್ಕಾ, ಅವತ್ತು ನನ್ನ ಪಾತ್ರೆಗೆ ನಾನು ಬೇರೆ ಏನಾದ್ರೂ ಹಾಕಿದ್ನಾ? ನೀವು ನೋಡಿದ್ರಾ?"

ಹಿರಿಯವಳ ಚಾಕು ನಿಂತಿತು. "ನಾನ್ಯಾಕೆ ಮುಟ್ಲಿ? ಯಾರೂ ಮುಟ್ಟಬೇಡಿ ಅಂದಿದ್ದೆಯಲ್ಲ."

"ಮುಟ್ಟಿದ್ರಾ ಅಂತ ಕೇಳ್ಲಿಲ್ಲಕ್ಕಾ. ನೋಡಿದ್ರಾ ಅಂದೆ."

ಹಿರಿಯವಳು ಕಣ್ಣೊರೆಸಿಕೊಂಡಳು. ಈರುಳ್ಳಿಗೋ ಮತ್ತೇತಕ್ಕೋ, ಗೊತ್ತಾಗಲಿಲ್ಲ.

"ಬೈಬೇಡ ಕಣೇ. ನಿಂಗೆ ನಿದ್ದೆ ಬಂದ್ಬಿಟ್ಟಿತ್ತು. ಪಾತ್ರೆ ತಳ ಹಿಡೀತಿತ್ತು. ಅಡುಗೆ ಸೌಟು ಹಾಕೋಕೆ ಮನಸ್ಸು ಬರ್ಲಿಲ್ಲ. ಮೂಲೇಲಿ ತುಕ್ಕು ಹಿಡಿದ ಕಬ್ಬಿಣದ ಸೌಟು ಬಿದ್ದಿತ್ತಲ್ಲ, ಅದ್ರಲ್ಲಿ ತಿರುವಿ ಅಲ್ಲೇ ಬಿಟ್ಟೆ. ಆಮೇಲೆ ನೋಡಿದ್ರೆ ನಿನ್ನ ಹಳದಿಯೆಲ್ಲ ಕಪ್ಪಿಟ್ಟು ಹೋಗಿದೆ. ಕೆಡಿಸಿಬಿಟ್ನಲ್ಲಾ ಅಂತ ಎದೆ ಧಸಕ್ಕಂತು. ಸೌಟು ತೆಗೆದಿಟ್ಟು ಬಾಯಿ ಮುಚ್ಕೊಂಡೆ."

"ಅದನ್ನೇ ಎಲ್ರೂ ಹೊಗಳಿದ್ರಲ್ಲ. ಆಗಲಾದ್ರೂ ಹೇಳಬಾರ್ದಿತ್ತಾ?"

"ಹೊಗಳಿದ್ದು ನಿನ್ನ. ಮಧ್ಯೆ ಬಂದು ನಾನೇನಂತ ಹೇಳ್ಲಿ?"

ಕಿರಿಯವಳಿಗೆ ನಗುವೂ ಬಂತು, ಸಿಟ್ಟೂ ಬಂತು. ನನ್ನದು ನನ್ನದು ಎಂದು ಕಂಡಕಂಡವರಿಗೆಲ್ಲ ತೋರಿಸಿದ ಬಣ್ಣ ಹಾಗಾದರೆ ಯಾರದು?

"ಆ ಸೌಟು ಕೊಡಿ" ಎಂದಳು.

ಹಿರಿಯವಳು ಅಟ್ಟದ ಸಂದಿಯಿಂದ ಸೌಟು ತೆಗೆದಳು, ಕೊಡಲಿಲ್ಲ. "ಎಷ್ಟು ತಿರುವಿದ್ದೆ ಅಂತ ಬಾಯಲ್ಲಿ ಹೇಳೋಕಾಗಲ್ಲ, ಕೈಗೇ ಗೊತ್ತು. ಬೇಳೆ ಒಲೆ ಮೇಲಿದೆ, ಉಪ್ಪು ಹಾಕಿದ್ನೋ ಇಲ್ವೋ, ಸ್ವಲ್ಪ ನೋಡ್ಕೋ" ಎನ್ನುತ್ತ ಹಿಂದಿನ ಕೋಣೆಗೆ ನಡೆದಳು.

ಕಿರಿಯವಳು ಒಂದು ಚಮಚ ಬೇಳೆ ಬಾಯಿಗೆ ಹಾಕಿಕೊಂಡಳು. ಉಪ್ಪಿದೆ ಅನಿಸಿತು. ಇನ್ನೊಂದು ಚಮಚಕ್ಕೆ ಇಲ್ಲ ಅನಿಸಿತು. ಹಿಂದಿನಿಂದ ಕಬ್ಬಿಣ ಪಾತ್ರೆಗೆ ಉಜ್ಜುವ ಸದ್ದು ಬರುತ್ತಿತ್ತು. ಹೋಗಿ ಇಣುಕಿದಳು. ಹಳದಿ ನೀರು ಅಂಚಿನಿಂದ ಮಬ್ಬಾಗುತ್ತಿತ್ತು. ಹಿರಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಬೆಗೆ ಮುಖ ಕೊಟ್ಟು, ಯಾರೂ ಇಲ್ಲದ ಹಾಗೆ ತಿರುವುತ್ತಿದ್ದಳು.

ಬೀದಿ ಬಾಗಿಲು ಬಡಿದ ಸದ್ದಾಯಿತು. ಕಿರಿಯವಳು ಹೋಗಿ ತೆರೆದಳು. ಅಂಗಡಿಯ ಯಜಮಾನಿ ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದಳು. ಚಪ್ಪಲಿ ಬಿಡುತ್ತಾ ಒಳಗಿನ ಸದ್ದಿಗೆ ಕಿವಿಗೊಟ್ಟಳು.

"ಅರೆ, ನೀವು ಇಲ್ಲೇ ಇದ್ದೀರಲ್ಲ. ಮತ್ತೆ ಅಲ್ಲಿ ಬಣ್ಣ ಹಾಕ್ತಿರೋರು ಯಾರು?"

ಬಾಗಿಲಿಗೆ ಅಡ್ಡ ನಿಂತಿದ್ದ ಕಿರಿಯವಳು, ಕೈಯಲ್ಲಿ ಚಮಚ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ಹಿಂದಿನ ಕೋಣೆಗೆ ದಾರಿ ಬಿಟ್ಟಳು.