ಹೂವಿನ ಸಾಹೇಬನ ಹಲಗೆ

ಈ ಬೆಟ್ಟದಲ್ಲಿ ನನ್ನನ್ನು ಕೇಳದೆ ಒಂದು ಮೊಗ್ಗೂ ಬಿರಿಯುವುದಿಲ್ಲ. ಹಾಗೆ ಬಾಯಿ ಬಿಡಬೇಡಮ್ಮ, ಇದರಲ್ಲಿ ಅರ್ಧ ಸುಳ್ಳು. ಒಂದು ಹೂವಿನ ಹೆಸರೂ ನನಗೆ ಗೊತ್ತಿಲ್ಲ. ಮೊದಲು ನೋಡುವವಳು ನಾನು ಅನ್ನುವುದಷ್ಟೇ ನಿಜ. ಕ್ಯಾಮೆರಾ ನೇತುಹಾಕಿಕೊಂಡು ಬಂದು ಹೂವು ಎಲ್ಲಿ, ಯಾವಾಗ ಎಂದು ಕೇಳುತ್ತಿದ್ದೀಯಲ್ಲ, ತಡವಾಯಿತು. ಎಲ್ಲ ಉದುರಿ ಬೀಜ ಮಣ್ಣು ಸೇರಿದೆ. ಅದಕ್ಕೇ ಈಗ ಹೇಳಬಹುದು.

ದಾರಿ ಶುರುವಾಗುವಲ್ಲಿ ಕಪ್ಪು ಹಲಗೆ ಕಂಡೆಯಲ್ಲ? ಅದನ್ನು ಬರೆಯುವವನು ನನ್ನ ಮೈದುನ. ಸ್ಟೇಷನ್ನಿನಲ್ಲಿ ರೈಲು ಬರುವ ಹೊತ್ತು ಬರೆದು ಬರೆದೇ ನಿವೃತ್ತನಾದವನು. ಈಗ ಹೂವನ್ನೂ ಹಾಗೇ ಬರೆಯುತ್ತಾನೆ: ಹಳದಿ, ತೊರೆಯ ಪಕ್ಕ, ಮುಂಜಾನೆ; ನೀಲಿ, ಮೇಲಿನ ಇಳಿಜಾರು, ಭಾನುವಾರ. ಹೂವೇನೋ ಟಿಕೆಟ್ ತೆಗೆದುಕೊಂಡು ಹತ್ತಿ ಬರುವ ಹಾಗೆ. ಊರೆಲ್ಲ ಅವನನ್ನು ಹೂವಿನ ಸಾಹೇಬ ಎನ್ನುತ್ತದೆ. ಸಾಹೇಬನ ಮಂಡಿ ಕೆಟ್ಟು ಯಾವ ಕಾಲವೋ ಆಯಿತು, ಹೊಸಿಲು ದಾಟಲು ಗೋಡೆ ಹಿಡಿಯುತ್ತಾನೆ. ಯಾರಿಗೂ ತಿಳಿಯದ ಹಾಗೆ ಹತ್ತಿ ನೋಡಿಬರುವವಳು ನಾನು. ಹೆಸರು ಅವನದು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎನ್ನುವ ಜಾತಿ.

ಹಲಗೆ ಸುಳ್ಳಾಗಬಾರದು, ಅದೊಂದೇ ಅವನ ಪ್ರಾಣ. ರೈಲು ರದ್ದು ಎಂದು ಬರೆಯಬೇಕಾಗಿ ಬಂದ ದಿನ ಊಟ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ನೀಲಿ ಎಂದು ಬರೆದ. ಬಂತು ದಂಡು. ಹೂವಿನ ಮೇಲೆ ಮಲಗಿ ಫೋಟೋ, ಉರುಳಿ ಫೋಟೋ, ಕಿತ್ತು ಹಲ್ಲಲ್ಲಿ ಕಚ್ಚಿ ಫೋಟೋ. ಒಬ್ಬನಂತೂ ನಾಯಿಗೂ ಮುಡಿಸಿದ. ಸಂಜೆಗೆ ಇಳಿಜಾರು ಆನೆ ಹಿಂಡು ಹೊರಳಾಡಿದ ಚಾಪೆಯಾಗಿತ್ತು. ಬಂದು ಹೇಳಿದರೆ ಮೈದುನ ಟೀ ಊದುತ್ತಾ, ಜನ ಖುಷಿಪಟ್ಟರಲ್ಲ ಎಂದ.

ಈ ವರ್ಷ ಮತ್ತೆ ಹತ್ತಿದೆ. ಸತ್ತೇಹೋಯಿತು ಅಂದುಕೊಂಡಿದ್ದ ಇಳಿಜಾರು ತುಂಬ ನೀಲಿ. ಆಕಾಶ ಜಾರಿ ಬಿದ್ದಂತಿತ್ತು. ಇದಕ್ಕೆ ನಾನು ಉಪ್ಪುಖಾರ ಹಚ್ಚಿಲ್ಲ.

ಕೆಳಗೆ ಹಲಗೆಯ ಮುಂದೆ ಅವನು ಸೀಮೆಸುಣ್ಣ ಹಿಡಿದು ನಿಂತಿದ್ದ.

"ಏನಿದೆ ಅತ್ತಿಗೆ?"

"ಏನೂ ಇಲ್ಲ. ಬರೀ ಕಲ್ಲು."

ಅವನು ನನ್ನ ಮುಖವನ್ನೇ ನೋಡಿದ. "ಒಂದಿದ್ರೆ ನೂರು ಅನ್ನೋರು ನೀವು. ಇವತ್ತು ಒಂದೂ ಇಲ್ವಾ?"

"ನಂಬಿಕೆ ಇಲ್ದಿದ್ರೆ ನೀನೇ ಹತ್ತಿ ನೋಡ್ಕೊಂಡು ಬಾರೋ, ಸಾಹೇಬ."

ಅವನು ಬೆಟ್ಟದ ಕಡೆ ತಿರುಗಲಿಲ್ಲ. ಹಲಗೆಯ ಕಾಲು ಹಿಡಿದುಕೊಂಡು, ನರಳುತ್ತಾ ಬಗ್ಗಿದ. ನನ್ನ ಚಪ್ಪಲಿಯ ಪಟ್ಟಿಗೆ ಸಿಕ್ಕಿಕೊಂಡಿದ್ದ ನೀಲಿ ಎಸಳೊಂದನ್ನು ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಹಲಗೆ ಪೂರ್ತಿ ಒರೆಸಿದ. ಆಮೇಲೆ ತನ್ನ ಹಳೇ ಕೆಲಸದ ಒಂದೇ ಒಂದು ಪದ ಬರೆದ.

ಅವತ್ತು ನಾನು ಬಡಿಸಿದ ತಟ್ಟೆ ಹಾಗೇ ಇತ್ತು. ಭಾನುವಾರ ಇಳಿಜಾರಿನಲ್ಲಿ ಜೇನುನೊಣ ಬಿಟ್ಟು ಯಾರೂ ಇರಲಿಲ್ಲ.

ಮಳೆಗೆ ಆ ಪದ ಅಳಿಸಿಹೋಗಿದೆ. ಏನು ಬರೆದಿದ್ದ, ಹೇಳು ನೋಡೋಣ.