ಹಳದಿ ಗೆರೆ

ಮಡಿಲಲ್ಲಿದ್ದ ತಗಡಿನ ಡಬ್ಬಿಯ ಮೇಲಿಂದ ಅವಳು ಕೈ ತೆಗೆಯಲೇ ಇಲ್ಲ.

"ಕೊಡಿ ಮೇಡಂ, ಯಂತ್ರಕ್ಕೆ ಹಾಕ್ಬೇಕಲ್ಲ," ಎಂದು ಮ್ಯೂಸಿಯಂನವನು ಮತ್ತೊಮ್ಮೆ ಕೈ ಚಾಚಿದ.

"ಹೇಗೆ ಹಾಕೋದು ಅಂತ ಹೇಳ್ಕೊಡಿ. ನಾನೇ ಹಾಕ್ತೀನಿ."

"ಅಯ್ಯೋ, ಹಳೇ ರೀಲು. ಒಂಚೂರು ಆಚೀಚೆ ಆದ್ರೂ ಹರಿದುಹೋಗುತ್ತೆ."

"ಅದೇ ಭಯ ನಂಗೂ."

ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ಮೊಣಕೈಯಿಂದ ತಿವಿದಳು. "ಕೊಡೇ. ಅವರೇನು ತಿಂದುಬಿಡ್ತಾರಾ?"

"ತಿನ್ನಲ್ಲ. ಕತ್ತರಿಸ್ತಾರೆ."

ಮ್ಯೂಸಿಯಂನವನು ನಕ್ಕ. ಆ ನಗುವೇ ಮೊದಲ ದಿನದಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅವಳು ಬಸ್ ಕಂಡಕ್ಟರ್. ಹತ್ತಿದ ಕೂಡಲೇ ಯಾರು ಹೆಚ್ಚು ನಗುತ್ತಾರೋ ಅವರು ಟಿಕೆಟ್ ತೆಗೆದುಕೊಳ್ಳುವುದಿಲ್ಲ ಎಂಬುದು ಅವಳು ನಿಂತೇ ಕಲಿತ ಪಾಠ. ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅರ್ಧ ಟಿಕೆಟ್ ಕೇಳುವವರೂ ಹೀಗೆಯೇ ನಗುತ್ತಿದ್ದರು. ಇವನಿಗೆ ಅವಳು ಮನಸ್ಸಿನಲ್ಲೇ ಬೆಣ್ಣೆ ಸಾಹೇಬ ಎಂದು ಹೆಸರಿಟ್ಟಿದ್ದಳು.

ಅವರು ಕುಳಿತಿದ್ದದ್ದು ಆಟಿಕೆ ಕಾರ್ಖಾನೆಯ ಹಳೆಯ ಬಣ್ಣದ ವಿಭಾಗದಲ್ಲಿ. ಒಂದು ಕಾಲಕ್ಕೆ ಇಲ್ಲಿಂದ ಕೀಲಿ ಕೊಟ್ಟರೆ ಓಡುವ ತಗಡಿನ ರೈಲುಗಳು ಹಡಗು ಹತ್ತಿ ಊರೂರಿಗೆ ಹೋಗುತ್ತಿದ್ದವು. ಈಗ ಕಂಪನಿಯೇ ಅದನ್ನು ಮ್ಯೂಸಿಯಂ ಮಾಡಿತ್ತು: ಗೋಡೆಗೆ ಸುಣ್ಣ, ನೆಲಕ್ಕೆ ಹೊಳಪಿನ ಹಾಸು, ಗಾಜಿನ ಪೆಟ್ಟಿಗೆಗಳೊಳಗೆ ಸಣ್ಣ ದೀಪ. ಬಣ್ಣದ ವಾಸನೆಯನ್ನು ಎಷ್ಟು ಚೆನ್ನಾಗಿ ತೊಳೆದಿದ್ದರೆಂದರೆ, ಅದೇ ಅವಳಿಗೆ ಮೊದಲು ಅನುಮಾನ ಹುಟ್ಟಿಸಿತ್ತು. ಇಷ್ಟೊಂದು ತಿಕ್ಕಿ ತೊಳೆಯಬೇಕಾದರೆ ಏನೋ ಮೆತ್ತಿಕೊಂಡಿರಬೇಕಲ್ಲ.

ಅಮ್ಮ ಆ ವಿಭಾಗದಲ್ಲಿ ಗೆರೆ ಎಳೆಯುತ್ತಿದ್ದ ಹೆಂಗಸು. ಹಸಿರು ಇಂಜಿನ್ನಿನ ಹೊಟ್ಟೆಯ ಮೇಲೆ ಒಂದು ಹಳದಿ ಗೆರೆ, ದಾರದಷ್ಟು ಸಣ್ಣದು. ಬ್ರಷ್ಷಿನ ಕೂದಲು ಹರಡಿದರೆ ಗೆರೆ ಕೆಡುತ್ತದೆ. ಅದಕ್ಕೆ ಪ್ರತಿ ಇಂಜಿನ್ನಿಗೂ ಮೊದಲು ಬ್ರಷ್ಷನ್ನು ತುಟಿಗಳ ನಡುವೆ ಇಟ್ಟು ತಿರುಗಿಸಿ ಚೂಪು ಮಾಡಬೇಕು. ಹಾಗೆಂದು ಕಲಿಸಿದವನು ಮೇಸ್ತ್ರಿ. ಕಾರ್ಖಾನೆಯಲ್ಲಿ ಮುಗಿಯದ್ದನ್ನು ಮನೆಗೆ ಹೊತ್ತು ತರಬೇಕು. ಹೆಂಗಸರ ಮಣಿಕಟ್ಟುಗಳು ಒಂದೊಂದಾಗಿ ಜೋತುಬಿದ್ದಾಗ ಕಾರ್ಖಾನೆಯ ಡಾಕ್ಟರು, "ವಯಸ್ಸಾಯ್ತಲ್ಲಮ್ಮ," ಎಂದಿದ್ದರು. ಆಗ ಅಮ್ಮನಿಗೆ ಮೂವತ್ತೂ ತುಂಬಿರಲಿಲ್ಲ.

ಬದುಕುಳಿದ ಹೆಂಗಸರು ಕಳೆದ ವರ್ಷ ಒಟ್ಟಾಗಿ ಅರ್ಜಿ ಕೊಟ್ಟಿದ್ದರು: ನಮ್ಮ ಕೈಗಳು, ನಮ್ಮ ಮಕ್ಕಳ ತಲೆಗಳು ನಿಮ್ಮ ಬಣ್ಣದಲ್ಲಿದ್ದ ಸೀಸದಿಂದ ಹಾಳಾದವು, ಔಷಧಿಯನ್ನಾದರೂ ಕೊಡಿ. ಕಂಪನಿಯ ಉತ್ತರ ಚಿಕ್ಕದಾಗಿತ್ತು. ಕೆಲಸವನ್ನು ಮನೆಗೆ ಕಳಿಸಿದ್ದೇ ಇಲ್ಲ. ಬ್ರಷ್ಷನ್ನು ಯಾರೂ ಬಾಯಿಗೆ ಇಟ್ಟಿದ್ದೇ ಇಲ್ಲ. ಬಣ್ಣದಿಂದ ಯಾರಿಗೂ ಏನೂ ಆಗುವಂತಿರಲೇ ಇಲ್ಲ.

ಆಗ ನೆನಪಾದದ್ದು ಚಿಕ್ಕಪ್ಪನ ರೀಲು. ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಭಾನುವಾರ ಮಾಲೀಕನ ಕ್ಯಾಮೆರಾ ತಂದು ಮನೆಯಲ್ಲಿ ಸಿನಿಮಾ ತೆಗೆದಿದ್ದ. ಚಿಕ್ಕಪ್ಪ ಹೋದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ. ಅವಳು ಸ್ಟುಡಿಯೋ ಸ್ಟುಡಿಯೋ ಅಲೆದಳು. ಅಂಥ ರೀಲು ಓಡಿಸುವ ಯಂತ್ರ ಊರಲ್ಲಿ ಉಳಿದಿದ್ದದ್ದು ಇದೊಂದೇ ಕಡೆ. ಕಳ್ಳನ ಹತ್ತಿರವೇ ಬೀಗ ರಿಪೇರಿಗೆ ಕೊಟ್ಟ ಹಾಗೆ.

ಯಾರಿಂದ ತಿಳಿಯಿತೋ, ಬೆಣ್ಣೆ ಸಾಹೇಬ ತಾನಾಗಿಯೇ ಬಿಸ್ಕತ್ತಿನ ಪೊಟ್ಟಣ ಹಿಡಿದು ಮನೆಗೆ ಬಂದ. ಅಮ್ಮನ ಜೋತುಬಿದ್ದ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದ. "ನಾನೂ ನಿಮ್ಮ ಮಗ ಇದ್ದ ಹಾಗೆ ಅಮ್ಮಾ. ಆ ಸಿನಿಮಾನ ಮ್ಯೂಸಿಯಂನಲ್ಲಿ ಹಾಕ್ತೀವಿ. ನೀವು ಬಂದು ಕ್ಯಾಮೆರಾ ಮುಂದೆ ಒಂದೇ ಒಂದು ಗೆರೆ ಎಳೀಬೇಕು, ಎರಡು ಒಳ್ಳೇ ಮಾತು ಹೇಳ್ಬೇಕು."

ಅಮ್ಮ ತಕ್ಷಣ ಒಪ್ಪಿಕೊಂಡಿದ್ದಳು. ಅವನು ಬಾಗಿಲು ದಾಟಿದ ಮೇಲೆ ಅಮ್ಮ ಮಗಳಿಗೆ ಜಗಳವೇ ಆಯಿತು.

"ಕ್ಯಾಮೆರಾ ಮುಂದೆ ಅವರನ್ನ ಹೊಗಳಿಬಿಟ್ರೆ ಅರ್ಜಿ ಕಥೆ ಮುಗೀತು. ಆಮೇಲೆ ಉಳಿದವರಿಗೆ ಏನು ಮುಖ ತೋರಿಸ್ತೀಯ?"

"ಇರೋ ಮುಖಾನೇ," ಎಂದಿದ್ದಳು ಅಮ್ಮ, ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ.

ಈಗ ಅವಳು ಡಬ್ಬಿಯನ್ನು ಕೊಟ್ಟಳು. ಕೊಟ್ಟು ಯಂತ್ರದ ಪಕ್ಕದಲ್ಲೇ ನಿಂತಳು. ಅವನ ಬೆರಳುಗಳನ್ನೂ ಮೇಜಿನ ಡ್ರಾಯರನ್ನೂ ದಿಟ್ಟಿಸುತ್ತ ಮೊಬೈಲ್ ತೆಗೆದು ಗೋಡೆಯ ಕಡೆ ಹಿಡಿದಳು. ಬೇಡ ಎನ್ನುತ್ತಾನೆಂದು ಕಾದಳು.

"ತಗೊಳ್ಳಿ ಮೇಡಂ, ಧಾರಾಳವಾಗಿ ತಗೊಳ್ಳಿ," ಎಂದ ಅವನು. ಅದು ಅವಳಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು.

"ನಮ್ಮ ಅರ್ಜಿ ಓದಿದೀರಾ ನೀವು?"

"ಅದು ಆಫೀಸಿನವರ ವಿಷಯ. ನಂದು ನೆನಪಿನ ಇಲಾಖೆ," ಎಂದು ದೀಪ ಆರಿಸಿದ.

ಯಂತ್ರ ಕಟಕಟ ಎಂದಿತು. ಗೋಡೆಯ ಮೇಲೆ ಗೀರುಗಳು ಸುರಿದವು, ಅವುಗಳ ಹಿಂದಿನಿಂದ ಅವರ ಮನೆ ಎದ್ದು ಬಂತು. ಒಂದೇ ಕೋಣೆ, ಒಂದೇ ಕಿಟಕಿ, ನೆಲದ ತುಂಬ ಹಳೆಯ ಪೇಪರು. ಪೇಪರಿನ ಮೇಲೆ ಸಾಲುಸಾಲಾಗಿ ಒಣಗುತ್ತಿದ್ದ ಇಂಜಿನ್ನುಗಳು. ಮೂಲೆಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಾರ್ಖಾನೆಯ ಮುದ್ರೆ, ಎಷ್ಟು ದೊಡ್ಡದೆಂದರೆ ಚಿಕ್ಕಪ್ಪ ಬೇಕೆಂದೇ ಹತ್ತಿರ ಹೋಗಿ ತೆಗೆದಂತಿತ್ತು. ಸುಳ್ಳಿನ ಒಂದು ಗೋಡೆ ಬಿತ್ತು.

ಶಾಲೆಯಲ್ಲಿ ಅವಳು, "ನಮ್ಮನೆ ತುಂಬಾ ರೈಲುಗಳಿವೆ," ಎಂದು ಜಂಬ ಕೊಚ್ಚಿ ಟೀಚರ ಹತ್ತಿರ ಸುಳ್ಳುಬುರುಕಿ ಎನಿಸಿಕೊಂಡಿದ್ದಳು. ಸುಳ್ಳಲ್ಲ, ಇಲ್ಲಿವೆಯಲ್ಲ. ಆದರೆ ಹಳಿ ಎಲ್ಲಿ? ಕೀಲಿ ಎಲ್ಲಿ? ಕೀಲಿ ಕೂರಿಸುತ್ತಿದ್ದದ್ದು ಆಮೇಲೆ, ಕಾರ್ಖಾನೆಯಲ್ಲಿ. ರಾಶಿ ರಾಶಿ ರೈಲುಗಳ ನಡುವೆ ಬೆಳೆದವಳ ಬಾಲ್ಯದಲ್ಲಿ ಒಂದೇ ಒಂದು ರೈಲೂ ಓಡಿರಲಿಲ್ಲ. ಅವಳ ನೆನಪಿನಲ್ಲಿ ಉಳಿದದ್ದು ಸೋಮವಾರ ಬೆಳಿಗ್ಗೆ ಖಾಲಿಯಾಗುವ ನೆಲ, ಮತ್ತೆ ನಾಲಿಗೆಯ ಮೇಲೆ ಎಲ್ಲಿಂದ ಬಂದದ್ದೋ ಗೊತ್ತಿಲ್ಲದ ಒಂದು ತೆಳು ಸಿಹಿ.

ಗೋಡೆಯ ಮೇಲೆ ಅಮ್ಮ ಬಂದಳು. ಚಿಕ್ಕ ವಯಸ್ಸು, ಮಣಿಕಟ್ಟು ನೆಟ್ಟಗೆ. ಪಕ್ಕದಲ್ಲಿ ಸೋದರತ್ತೆ, ಕ್ಯಾಮೆರಾ ನೋಡಿ ನಾಚಿಕೊಂಡು ನಗುತ್ತಾಳೆ, ನಗುತ್ತಲೇ ಬ್ರಷ್ಷನ್ನು ತುಟಿಗಿಟ್ಟು ತಿರುಗಿಸುತ್ತಾಳೆ.

"ಅಯ್ಯೋ ನಿಮ್ಮತ್ತೆ," ಎಂದಳು ಅಮ್ಮ. "ಎಷ್ಟು ಚೆನ್ನಾಗಿದ್ಲಲ್ಲ." ಅತ್ತೆ ಕೊನೆಗೆ ನೀರಿನ ಲೋಟ ಎತ್ತಲಾರದೆ ಸತ್ತವಳು.

ಆಮೇಲೆ ತಮ್ಮ ಕಂಡ. ತೆವಳುವ ಕೂಸು. ಇಂಜಿನ್ನಿನ ಹೊಗೆಕೊಳವೆಯನ್ನು ಬಾಯಲ್ಲಿಟ್ಟು ಚೀಪುತ್ತಿದ್ದಾನೆ. ಬೆಣ್ಣೆ ಸಾಹೇಬ ಚಪ್ಪಾಳೆ ತಟ್ಟಿ, "ಎಷ್ಟು ಮುದ್ದಾಗಿದೆ!" ಎಂದ. ಆ ಮುದ್ದು ಈಗ ನಲವತ್ತು ದಾಟಿದೆ. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಅಕ್ಕನನ್ನು ಕೂಗುತ್ತದೆ. ಅವಳು ಮೊಬೈಲನ್ನು ಗಟ್ಟಿಯಾಗಿ ಹಿಡಿದಳು.

ಮುಂದೆ ಬಂದದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಅಮ್ಮನ ಬೆನ್ನ ಹಿಂದೆ ಎರಡು ಜಡೆಯ ಒಂದು ಹುಡುಗಿ ಕುಳಿತಿದ್ದಾಳೆ. ಬ್ರಷ್ಷೊಂದನ್ನು ಬಾಯಿಗಿಟ್ಟು, ತುಟಿ ಬಿಗಿದು, ತಿರುಗಿಸಿ, ಬೆಳಕಿಗೆ ಹಿಡಿದು ಮೊನೆ ನೋಡುತ್ತಾಳೆ. ಅಮ್ಮ ತಿರುಗದೆಯೇ ಕೈ ಹಿಂದಕ್ಕೆ ಚಾಚುತ್ತಾಳೆ. ಹುಡುಗಿ ಕೊಡುತ್ತಾಳೆ. ಬಣ್ಣ ಮೆತ್ತಿದ ಇನ್ನೊಂದು ಬರುತ್ತದೆ. ಮತ್ತೆ ಬಾಯಿಗೆ.

ಯಾರು ಬೇಗ ಚೂಪು ಮಾಡ್ತಾರೆ ನೋಡೋಣ ಎಂಬ ಆಟ. ಅವಳಿಗೆ ಆಟ ಎಂದೇ ನೆನಪಿತ್ತು.

ಕತ್ತಲಲ್ಲಿ ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. "ನೀನೇ ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದೆ," ಎಂದಳು ಮೆಲ್ಲಗೆ.

ಯಂತ್ರ ನಿಂತಿತು, ದೀಪ ಹತ್ತಿತು. ಈಗ ಕತ್ತರಿ ಬರುತ್ತದೆ, ಎಂದುಕೊಂಡಳು ಅವಳು. ರೀಲು ಸ್ವಲ್ಪ ಹಾಳಾಗಿದೆ, ಇಟ್ಟುಹೋಗಿ ಸರಿಮಾಡ್ತೀವಿ ಅಂತಾನೆ.

"ಅದ್ಭುತ!" ಎಂದ ಬೆಣ್ಣೆ ಸಾಹೇಬ. ಅವನ ಕಣ್ಣಲ್ಲಿ ನಿಜಕ್ಕೂ ನೀರಿತ್ತು. "ಗೆರೆ ಎಳೆಯೋ ಮುಂಚೆ ಬ್ರಷ್ಷಿಗೆ ಮುತ್ತು ಕೊಡ್ತಿದ್ರಿ! ಎಂಥಾ ಪ್ರೀತಿ! ಈ ಗೋಡೆ ತುಂಬ ಇದೇ ಓಡ್ತಾ ಇರುತ್ತೆ. ಕೆಳಗೆ ದೊಡ್ಡಕ್ಷರದಲ್ಲಿ, 'ತಾಯಂದಿರ ಮುತ್ತು'. ಹೇಗಿದೆ?"

ಅವಳು ಕತ್ತರಿಗೆ ಕಾದಿದ್ದಳು, ಬಂದದ್ದು ಚೌಕಟ್ಟು. ಇವರಿಗೆ ಬಚ್ಚಿಡುವ ಅಗತ್ಯವೇ ಇರಲಿಲ್ಲ. ವಿಷಕ್ಕೊಂದು ಮುದ್ದು ಹೆಸರಿಟ್ಟು, ಮೇಲೆ ದೀಪ ಹಾಕಿ, ನೋಡಲು ಜನರನ್ನು ಕರೆದರೆ ಸಾಕಿತ್ತು.

"ಚೆನ್ನಾಗಿದೆ," ಎಂದಳು ಅಮ್ಮ.

"ಅಮ್ಮಾ!"

"ಸುಮ್ನಿರೇ ನೀನು. ಗೆರೆ ಎಳೀಬೇಕು ಅಂದ್ರಲ್ಲ ಸಾಹೇಬ್ರು, ಎಲ್ಲಿ?"

ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಎಲ್ಲ ಸಿದ್ಧವಾಗಿತ್ತು. ಗೆರೆಯಿಲ್ಲದ ಒಂದು ಹಸಿರು ಇಂಜಿನ್, ಹೊಸ ಬ್ರಷ್ಷು, ಪುಟ್ಟ ಹಳಿಯ ಸುತ್ತು. ವಿಡಿಯೋ ಕ್ಯಾಮೆರಾದ ಹುಡುಗಿ ಸ್ಟ್ಯಾಂಡು ಸರಿಪಡಿಸಿದಳು. ಬೆಣ್ಣೆ ಸಾಹೇಬ ಗಾಜಿನ ಪೆಟ್ಟಿಗೆಯಿಂದ ಇನ್ನೊಂದು ಇಂಜಿನ್ ತೆಗೆದು ಕೀಲಿ ತಿರುಗಿಸಿ ಹಳಿಯ ಮೇಲೆ ಬಿಟ್ಟ. ಅದು ಕಿರ್‍ರೆಂದು ಸುತ್ತತೊಡಗಿತು.

ಅಮ್ಮ ಬಗ್ಗಿ ನೋಡಿದಳು. "ಓಹೋ. ಹೀಗೆ ಓಡ್ತಿತ್ತಾ ಇದು?"

"ನೀವು ನೋಡೇ ಇಲ್ವಾ? ನಮ್ಮನೇಲಿ ಇತ್ತು. ಇದ್ರಲ್ಲಿ ಆಡ್ಕೊಂಡೇ ಬೆಳೆದವನು ನಾನು," ಎಂದು ಅವನು ಬಣ್ಣದ ಹಳೆಯ ಡಬ್ಬಿಯೊಂದನ್ನು ಮುಂದಿಟ್ಟ. "ನೋಡಿ ಅಮ್ಮಾ, ನಿಮಗೋಸ್ಕರ ಗೋಡೌನೆಲ್ಲ ಹುಡುಕಿಸಿದೆ. ಸೀಲೇ ಒಡೆದಿರಲಿಲ್ಲ. ನೀವು ಬಳಸ್ತಿದ್ದ ಅದೇ ಹಳದಿ!"

ಡಬ್ಬಿಯ ಮುಚ್ಚಳ ತೆರೆದಿತ್ತು. ತೊಳೆದು ಕಳೆದಿದ್ದ ವಾಸನೆಯೆಲ್ಲ ಒಂದೇ ಸಲಕ್ಕೆ ಕೋಣೆಗೆ ಮರಳಿ ಬಂತು. ಅವಳ ಬಾಯಲ್ಲಿ ನೀರೂರಿತು. ಅದನ್ನು ನುಂಗದೆ ಅಂಗೈಯಿಂದ ಬಾಯಿ ಒರೆಸಿಕೊಂಡಳು.

"ಈ ವಿಷಾನ ಅಮ್ಮನ ಕೈಗೆ ಮತ್ತೆ ಕೊಡ್ತೀರಾ?"

"ಮೇಡಂ, ನಮ್ಮ ಬಣ್ಣದಲ್ಲಿ ಅಂಥದ್ದೇನೂ ಇರಲಿಲ್ಲ. ಮಕ್ಕಳ ಆಟಿಕೆ ಅಲ್ವಾ?"

"ಏನಂದ್ರಿ?" ಅಮ್ಮ ಕಿವಿಗೆ ಕೈ ಅಡ್ಡ ಹಿಡಿದಳು. "ಕ್ಯಾಮೆರಾ ಶುರುವಾಯ್ತಾ ಮಗಳೇ?"

"ಓಡ್ತಿದೆ ಅಜ್ಜಿ," ಎಂದಳು ಕ್ಯಾಮೆರಾದ ಹುಡುಗಿ.

"ಇನ್ನೊಂದ್ಸಲ ಹೇಳಿ ಸಾಹೇಬ್ರೇ, ನಂಗೆ ಕಿವಿ ಸ್ವಲ್ಪ ಮಂದ."

ಮಗಳು ಹುಬ್ಬು ಗಂಟಿಕ್ಕಿದಳು. ಅಮ್ಮನ ಕಿವಿ ಮಂದವೇ? ಪಕ್ಕದ ಮನೆಯ ಗಂಡ ಹೆಂಡಿರ ಪಿಸುಮಾತನ್ನು ತನ್ನ ಮನೆಯಿಂದಲೇ ಕೇಳಿಸಿಕೊಂಡು ಪಂಚಾಯಿತಿ ಮಾಡುವವಳು.

ಬೆಣ್ಣೆ ಸಾಹೇಬ ಕ್ಯಾಮೆರಾ ಕಡೆ ತಿರುಗಿ, ಕಾಲರ್ ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದ. "ನಮ್ಮ ಬಣ್ಣದಿಂದ ಯಾರಿಗೂ ಯಾವತ್ತೂ ಏನೂ ಆಗಿಲ್ಲ ಅಮ್ಮಾ. ಹಾಲಿನಷ್ಟೇ ಶುದ್ಧ."

"ಹಾಗಾದ್ರೆ ಸರಿ," ಎಂದಳು ಅಮ್ಮ.

ಅವಳು ಎಡಗೈಯಿಂದ ಬಲ ಮಣಿಕಟ್ಟನ್ನು ಎತ್ತಿ ಹಿಡಿದು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದಳು. ಕೈ ನಡುಗಿತು, ಕೂದಲು ಹರಡಿಕೊಂಡಿತು. ಬ್ರಷ್ಷು ಮೇಲೇರಿ ತುಟಿಯ ಹತ್ತಿರ ಹೋಯಿತು. ಮಗಳು ಅಡ್ಡವಿದ್ದ ಕುರ್ಚಿಯನ್ನು ಒದ್ದು ಮುನ್ನುಗ್ಗಿದಳು. ಅಷ್ಟರಲ್ಲಿ ಅಮ್ಮನ ಕೈ ಅಲ್ಲೇ ನಿಂತು, ನಿಧಾನವಾಗಿ ತಿರುಗಿ, ಬೆಣ್ಣೆ ಸಾಹೇಬನ ಮುಂದೆ ಚಾಚಿಕೊಂಡಿತು.

"ನಂಗೆ ಆಗ್ತಾ ಇಲ್ಲ. ಒಂಚೂರು ಚೂಪು ಮಾಡಿಕೊಡಿ ಸಾಹೇಬ್ರೇ."

"ನಾನಾ?" ಅವನು ನಕ್ಕು ಬ್ರಷ್ಷು ತೆಗೆದುಕೊಂಡ. "ನಂಗೆಲ್ಲಿ ಬರುತ್ತೆ ಅದೆಲ್ಲ?"

"ಈಗ ತಾನೇ ನೋಡಿದ್ರಲ್ಲ. ಮುತ್ತು. ಅಷ್ಟೇ."

ಅವನು ಜೇಬಿನಿಂದ ಕರವಸ್ತ್ರ ತೆಗೆದ.

"ಒರೆಸಿದ್ರೆ ಬಣ್ಣ ಹೋಗುತ್ತೆ. ತುಟೀಲೇ ಆಗ್ಬೇಕು," ಎಂದಳು ಅಮ್ಮ. ಅವಳ ದನಿಯಲ್ಲಿ ಬಿಸ್ಕತ್ತು ಅದ್ದುವಾಗಿನ ಅದೇ ಮೆದುತನ. "ಮಗ ಇದ್ದ ಹಾಗೆ ಅಂದಿದ್ರಲ್ಲ ಅವತ್ತು. ನನ್ನ ಮಕ್ಕಳು ಮಾಡಿಕೊಡ್ತಿದ್ರು. ಸ್ವಲ್ಪ ಸಿಹಿ ಇರುತ್ತೆ, ಹೆದರ್ಬೇಡಿ."

ಅವನು ಬ್ರಷ್ಷನ್ನು ಬಾಯಿಯ ಹತ್ತಿರಕ್ಕೆ ತಂದ. ಕ್ಯಾಮೆರಾದ ಹುಡುಗಿ ತಿಳಿಯದೆಯೋ ತಿಳಿದೋ ಒಂದು ಹೆಜ್ಜೆ ಮುಂದೆ ಬಂದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಮಗಳು ಸದ್ದಿಲ್ಲದೆ ರೀಲನ್ನು ಯಂತ್ರದಿಂದ ಬಿಡಿಸಿ ತನ್ನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅಮ್ಮ ಜೋತುಬಿದ್ದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು, ಅವಸರವಿಲ್ಲದೆ.

ಹಳಿಯ ಮೇಲಿನ ರೈಲು ಕೀಲಿ ಇಳಿದು ಇನ್ನೊಂದು ಅರ್ಧ ಸುತ್ತು ಹಾಕಿ ನಿಂತುಹೋಯಿತು. ಅವನ ತುಟಿಗಳು ಬಿಗಿಯಾಗಿ ಮುಚ್ಚಿಕೊಂಡಿದ್ದವು. ಬ್ರಷ್ಷಿನ ತುದಿಯಲ್ಲಿ ಹಳದಿ ಹನಿಯೊಂದು ದಪ್ಪಗಾಗುತ್ತ, ದಪ್ಪಗಾಗುತ್ತ, ಬಿಳಿಯ ಬಟ್ಟೆಯ ಮೇಲೆ ಬಿತ್ತು.