ಹೊಟ್ಟೆಬಾಕನಿಗೆ ಫಿನಾಯಿಲ್

ಸೆಂಟಿನ ಘಾಟು, ಅದರ ಬೆನ್ನಿಗೇ ಫಿನಾಯಿಲ್, ಎರಡೂ ಸೇರಿ ಗಂಟಲಲ್ಲಿ ಕೂತವು, ಥೂ, ಇದಕ್ಕಿಂತ ಕೊಳೆತ ಎಲೆಕೋಸೇ ವಾಸಿ, ಅಂದುಕೊಂಡಳು ಅವಳು, ಒಲೆಯ ಪಕ್ಕ ಬೆಂಕಿಪೊಟ್ಟಣ ಹಿಡಿದು ನಿಂತು — ಅನುದಾನ ಕೊಡುವ ಸಂಸ್ಥೆಯ ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕಾರಿಳಿದಿದ್ದರು, ಈಗ ತೆಗೆದಿದ್ದಾರೆ, ಎಷ್ಟು ಸ್ವಚ್ಛವಾಗಿಟ್ಟಿದ್ದೀರಿ ಅನ್ನುತ್ತಿದ್ದಾರೆ, ಭಾವ ಹಲ್ಲು ಕಿರಿಯುತ್ತಿದ್ದಾರೆ, ಗಂಡನ ಅಣ್ಣ, ವಸತಿ ಸಂಘದ ಅಧ್ಯಕ್ಷರು, ಕಿರಿಯುತ್ತಿದ್ದಾನೆ, ಮನಸ್ಸಿನಲ್ಲೂ ಇವನಿಗೆ ಮರ್ಯಾದೆ ಕೊಡಬೇಕೇ. ಅಡುಗೆಮನೆಯ ಹಿಂದಿನ ಗೋಬರ್ ಗ್ಯಾಸ್ ಟ್ಯಾಂಕಿಗೆ ಹೊಟ್ಟೆಬಾಕ ಅಂತ ಹೆಸರಿಟ್ಟವಳು ಅವಳೇ, ಎಷ್ಟು ಸುರಿದರೂ ಇನ್ನೂ ತಾ ಅನ್ನುತ್ತಿತ್ತು, ದಿನಾ ಬೆಳಿಗ್ಗೆ ಎಲ್ಲರ ಮನೆಯ ಸಿಪ್ಪೆ, ಹಳಸಿದ ಅನ್ನ, ಕೋಲು ಹಾಕಿ ಕಲಕುವುದು, ಮೊಣಕೈವರೆಗೆ ನಾತ, ಆ ಕಡೆ ತಿರುಗಿ ಮಲಗೇ ಅನ್ನುವ ಗಂಡ, ಅನ್ನಲಿ, ಗ್ಯಾಸ್ ಬಂದಮೇಲೆ ಅತ್ತೆ ಸೌದೆ ಬಿಟ್ಟಿದ್ದರು, ಕಟ್ಟಡದ ಕೈಲಾಗದವರಿಗೆಲ್ಲ ಅವರೇ ಬೇಯಿಸಿ ಹಾಕುವುದು, ಆ ಎದೆ ಸೀಳುವ ಕೆಮ್ಮು ನಿಂತಿತ್ತು. ಎರಡನೇ ಕಂತು ಬಂದರೆ ಇನ್ನೊಂದು ಟ್ಯಾಂಕು, ಎಲ್ಲ ಒಲೆಗೂ ಗ್ಯಾಸು, ಅಷ್ಟು ಆಸೆ ಅವಳಿಗೂ ಇತ್ತು, ಸುಳ್ಳು ಯಾಕೆ.

ಆದರೆ ಮೊನ್ನೆ — ಸಾಬೂನು ನೀರು, ಫಿನಾಯಿಲ್ ಒಂದು ತೊಟ್ಟೂ ಬೀಳಬಾರದು, ಒಳಗಿರೋ ಹುಳಗಳೇ ನಿಮಗೆ ಬೆಂಕಿ ಮಾಡಿಕೊಡೋದು ಅಂತ ಟ್ಯಾಂಕು ಕಟ್ಟಿದ ಮೇಸ್ತ್ರಿ ಅವತ್ತು ಹೇಳುವಾಗ ತಲೆಯಾಡಿಸಿದವನು ಈ ಭಾವನೇ ಅಲ್ಲವೇ, ಮೊನ್ನೆ ಅವನೇ ಕ್ಯಾನ್ ಮೇಲೆ ಕ್ಯಾನ್ ಬಗ್ಗಿಸಿದ, ದೊಡ್ಡೋರು ಬರ್ತಿದಾರೆ, ನಾತ ಹೊಡೆದ್ರೆ ಅನುದಾನ ಕೈ ತಪ್ಪತ್ತೆ, ಬೇಡಿ ಭಾವ ಅಂತ ಅವಳು ಓಡಿ ಬಂದಳು, ನಿಂಗೇನಮ್ಮಾ ಗೊತ್ತು ಸುಮ್ನಿರು, ಕಂದು ರಾಡಿ ಹಾಲಿನ ಹಾಗೆ ಬೆಳ್ಳಗಾಗುತ್ತಾ ಹೋಯಿತು. ಮರುದಿನ ಒಲೆ ಬುಸ್ ಅಂದು ಸುಮ್ಮನಾಯಿತು. ಆದರೂ ಇವತ್ತು ಬೆಳಿಗ್ಗೆ ಇನ್ನೊಂದು ಕ್ಯಾನ್, ಒಲೆಯ ಹಿಂದಿನ ಪರದೆಯ ಮರೆಗೆ ಅಂಗಡಿಯ ಸಿಲಿಂಡರು, ಇವತ್ತೊಂದು ದಿನ ಸಂಭಾಳಿಸಮ್ಮಾ. ಗೋಡೆಯಾಚೆ ಸೌದೆ ಹೊಗೆಯಲ್ಲಿ ಅತ್ತೆ ಕೆಮ್ಮುತ್ತಿದ್ದಾರೆ, ಇವನನ್ನು ಹೆತ್ತ ತಾಯಿ, ಇವನ ಕಿವಿಗೆ ಬೀಳುತ್ತಿಲ್ಲ.

ಹಚ್ಚಮ್ಮಾ ಅಂದರು ಮೇಡಂ, ಹಚ್ಚಿದಳು, ನೀಲಿ ಜ್ವಾಲೆ, ಚಪ್ಪಾಳೆ, ಕ್ಯಾಮೆರಾದ ಮಿಂಚು. ಸ್ವಲ್ಪಾನೂ ವಾಸನೆ ಇಲ್ಲ, ಮೇಡಂ ಅನ್ನುತ್ತಿದ್ದಾರೆ, ಬೇರೆ ಊರಿನವರಿಗೂ ನಿಮ್ಮ ಅಧ್ಯಕ್ಷರಿಂದಲೇ ತರಬೇತಿ ಕೊಡಿಸ್ತೀವಿ — ಏನು ಕಲಿಸುತ್ತಾನೆ ಇವನು, ಕ್ಯಾನ್ ಬಗ್ಗಿಸುವುದನ್ನೇ, ಎಷ್ಟು ಊರಿನ ಟ್ಯಾಂಕು, ಎಷ್ಟು ಅತ್ತೆಯರು — ಅವಳ ಕೈ ಪರದೆಯ ಹಿಂದೆ ಹೋಯಿತು, ತಿರುಪಿತು, ಜ್ವಾಲೆ ಕುಗ್ಗಿತು, ಆರಿತು. ಇದು ಸಿಲಿಂಡರ್ ಮೇಡಂ, ನಮ್ಮ ಟ್ಯಾಂಕ್ ಸತ್ತಿದೆ, ಫಿನಾಯಿಲ್ ಹಾಕಿ ಸಾಯಿಸಿದಾರೆ. ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು, ಮೇಡಂ ಈಗ ಬಯ್ಯುತ್ತಾರೆ, ಈಗ ಕಾರು ಹತ್ತಿ ಹೋಗುತ್ತಾರೆ, ಹೋಗಲಿ, ಅನುದಾನವೂ ಹಾಳಾಗಿ ಹೋಗಲಿ — ಮೇಡಂ ಅವಳನ್ನು ನೋಡಲೇ ಇಲ್ಲ, ಕ್ಯಾಮೆರಾದವನ ಕಡೆ ತಿರುಗಿದರು, ಬೆಂಕಿ ಬಂದಿದ್ಯಾ ಫೋಟೋದಲ್ಲಿ, ಬಂದಿದೆ ಮೇಡಂ, ಹಾಗಿದ್ರೆ ಸಾಕು ಬಿಡಿ, ನಾವೂ ಮೇಲಿನವರಿಗೆ ತೋರಿಸ್ಬೇಕಲ್ಲ, ಕಂತು ಬರತ್ತೆ.

ಬರುತ್ತದಂತೆ, ಭಾವ ಕಾರಿನ ಬಾಗಿಲು ಹಿಡಿದು ಬಗ್ಗಿದ್ದಾನೆ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಷ್ಟು ಬಗ್ಗುತ್ತಾನೆ ನೋಡು, ಅವಳು ಅಡುಗೆಮನೆಯ ಹಿಂದಕ್ಕೆ ಬಂದಳು, ಟ್ಯಾಂಕಿನ ಮುಚ್ಚಳ ಸರಿಸಿದಳು, ಕೋಲು ಇಳಿಬಿಟ್ಟು ಕಲಕಿದಳು, ಏಳೋ ಹೊಟ್ಟೆಬಾಕ, ಒಂದು ಗುಳ್ಳೆ ಬಿಡೋ, ಒಂದೇ ಒಂದು, ಬಿಳಿ ನೀರು ಸುತ್ತಿತು, ನಿಂತಿತು, ಮತ್ತೆ ಕಲಕಿದಳು, ಬಿಳಿ ನೀರು, ಗೋಡೆಯಾಚೆ ಕೆಮ್ಮು, ಬಿಳಿ ನೀರು, ಅಲ್ಲಾಡದ ಬಿಳಿ ನೀರು —